ಇಬ್ಬರಿಗೊಂದು ಬೆಲ್ಟು

ಸತ್ತವನು ಎದ್ದು ಬಂದು ಅಲ್ಲವೆನ್ನುವುದಿಲ್ಲವಲ್ಲ, ಅದಕ್ಕೇ ಎಲ್ಲರೂ ಸೇರಿ ಉದ್ದಣ್ಣನ ತಲೆಯ ಮೇಲೆ ಗೂಬೆ ಕೂರಿಸಿದರು. ಮೂರನೆಯ ಮಹಡಿಯ ಹೊರಗೋಡೆಗೆ ಬಣ್ಣ ಹೊಡೆಯುತ್ತ ಸಾರವೆಯಿಂದ ಬಿದ್ದು ಸತ್ತ ಮನುಷ್ಯ ಅವನು. ಪೊಲೀಸರ ವರದಿಯ ನಕಲನ್ನು ಅವನ ಹೆಂಡತಿ ಮತ್ತೆ ಮತ್ತೆ ಓದಿದಳು. ಕಂಟ್ರಾಕ್ಟರು ಕೊಟ್ಟಿದ್ದ ಸೇಫ್ಟಿ ಬೆಲ್ಟನ್ನು ಮೃತನು ತನ್ನದೇ ಉದಾಸೀನದಿಂದ ಕಟ್ಟಿಕೊಂಡಿರಲಿಲ್ಲ ಎಂದಿತ್ತು ಅದರಲ್ಲಿ.

ಉದಾಸೀನವಂತೆ! ಮಲಗುವ ಮುಂಚೆ ಗ್ಯಾಸಿನ ಗುಂಡಿಯನ್ನು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದ ಪುಕ್ಕಲ ಅವನು. ನಿಮ್ಮಂಥವರು ಅಷ್ಟೆತ್ತರ ಹತ್ತುವುದಾದರೂ ಹೇಗೆ ಎಂದು ಅವಳು ಛೇಡಿಸಿದರೆ, ಬೆಲ್ಟ್ ಇದೆಯಲ್ಲೇ ಎನ್ನುತ್ತಿದ್ದ.

ಇದ್ದದ್ದು ಇಬ್ಬರಿಗೊಂದು ಬೆಲ್ಟು. ಇನ್ನೊಂದರ ಕೊಕ್ಕೆ ಮುರಿದು ಎಷ್ಟೋ ಕಾಲವಾಗಿತ್ತು. ಹೊಸದು ತರಿಸುತ್ತೇನೆಂದು ಕಂಟ್ರಾಕ್ಟರು ಮೂಗಿಗೆ ತುಪ್ಪ ಸವರುತ್ತಲೇ ಇದ್ದ. ಅಂದು ಉದ್ದಣ್ಣನ ಜೊತೆ ಮೇಲೆ ಹತ್ತಿದ್ದವನು ಅವಳ ಸ್ವಂತ ತಮ್ಮ. ಅವನನ್ನು ಆ ಕೆಲಸಕ್ಕೆ ಸೇರಿಸಿದವನೂ ಉದ್ದಣ್ಣನೇ. ಹೆಣ ಮನೆಗೆ ಬಂದ ದಿನ ಆ ತಮ್ಮ ಅಕ್ಕನ ಮಡಿಲಿನಲ್ಲಿ ತಲೆಯಿಟ್ಟು, ಇದ್ದೊಂದು ಬೆಲ್ಟನ್ನು ಭಾವ ನನಗೇ ಕಟ್ಟಿದರು, ಬೇಡವೆಂದರೂ ಕೇಳಲಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದ.

ವರದಿ ತಿದ್ದಿಸಲು ಅವಳು ಠಾಣೆಗೆ ಅಲೆದದ್ದೇ ಅಲೆದದ್ದು. ಸಾಹೇಬರಿಲ್ಲ, ನಾಳೆ ಬಾ, ಅರ್ಜಿ ಹೀಗಲ್ಲ ಹಾಗೆ ಬರೆದು ತಾ ಎಂದು ಆಟ ಆಡಿಸಿದರು. ಕೊನೆಗೆ ವರದಿ ಬರೆದಿದ್ದ ಠಾಣೆಯ ರೈಟರಿಗೆ ಪಾಪ ಎನ್ನಿಸಿತೋ, ಪೀಡೆ ತೊಲಗಿದರೆ ಸಾಕೆನ್ನಿಸಿತೋ, ಕಡತ ಬಿಚ್ಚಿದ. ಕಣ್ಣಾರೆ ಕಂಡವನು ಹೇಳಿದ್ದನ್ನೇ ತಾನು ಬರೆದದ್ದು, ಅವನೇ ಬಂದು ಬೇರೆ ಹೇಳಿದರೆ ತಿದ್ದಬಹುದು ಎಂದ. ಸಾಕ್ಷಿಯ ಹೇಳಿಕೆಯ ಮೇಲೆ ಬೆರಳಿಟ್ಟು ತೋರಿಸಿದ.

"ಮೃತನ ಹೆಂಡತಿಯ ಸ್ವಂತ ತಮ್ಮ ಅಂತಿದೆ ನೋಡಮ್ಮ. ಮನೆಯವರೇ ಹೇಳಿದ ಮೇಲೆ ನಂಬದೆ ಇರೋಕಾಗುತ್ತಾ?"

ಕೆಳಗೆ ತಮ್ಮನ ಸಹಿ ಇತ್ತು. ಚಿಕ್ಕವನಿದ್ದಾಗ ಕೈ ಹಿಡಿದು ಅವನಿಗೆ ಬರೆಯಲು ಕಲಿಸಿದವಳೇ ಅವಳು.

ಅಲ್ಲಿಂದ ನೆಟ್ಟಗೆ ಅವನು ಕೆಲಸ ಮಾಡುವಲ್ಲಿಗೆ ಹೋದಳು. ತಮ್ಮ ಬಣ್ಣ ಕಲಸುತ್ತಿದ್ದ. ಅವನೀಗ ಮೇಸ್ತ್ರಿ. ಸೊಂಟದಲ್ಲಿ ಹೊಸ ಬೆಲ್ಟು, ಅದರ ಕೊಕ್ಕೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಠಾಣೆಗೆ ಬಂದು ಒಂದು ಮಾತು ಹೇಳೆಂದು ಅವಳು ಕೈ ಮುಗಿದಳು. ಒಡಹುಟ್ಟಿದವನಿಗೆ ಕೈ ಮುಗಿಯುವ ಗತಿ ಯಾರಿಗೂ ಬರಬಾರದು. ಅವನು ಡಬ್ಬದಿಂದ ತಲೆ ಎತ್ತಲಿಲ್ಲ.

"ಭಾವ ಹೋಗಿಬಿಟ್ರು ಅಕ್ಕಾ. ಇನ್ನು ನಿಜ ಹೇಳಿ ಏನು ಬಂತು? ನನಗೂ ಹೆಂಡ್ತಿ ಮಕ್ಕಳಿದಾರೆ."

"ಅವರಿಗೂ ಇದ್ವಿ ಕಣೋ," ಎಂದಳು ಅವಳು. "ಆದ್ರೂ ಬೆಲ್ಟ್ ನಿನಗೆ ಕಟ್ಟಿದ್ರು."

ಅವನು ಕೋಲು ತಿರುವುತ್ತಲೇ ಇದ್ದ. ಬಣ್ಣ ಆಗಲೇ ಚೆನ್ನಾಗಿ ಬೆರೆತಿತ್ತು.

ಮಾರನೆಯ ದಿನ ಅವಳು ಮತ್ತೆ ಠಾಣೆಗೆ ಬಂದಾಗ, ಸಾಕ್ಷಿ ಎಲ್ಲಿ ಎಂದು ರೈಟರ್ ಬಾಗಿಲ ಕಡೆ ನೋಡಿದ. ಅವನು ಬರುವುದಿಲ್ಲ, ಬೆಲ್ಟಿನ ವಿಷಯ ಬಿಡಿ, ತಿದ್ದುವುದು ಬೇರೆ ಒಂದಿದೆ ಎಂದು ಅವಳು ಕಡತ ಬಿಚ್ಚಿಸಿದಳು. ಆ ಸಾಲಿನ ಮೇಲೆ ಬೆರಳಿಟ್ಟಳು.

"ಇದು ತಪ್ಪು. ನನಗೆ ತಮ್ಮ ಅಂತ ಯಾರೂ ಇಲ್ಲ."

ಅದಕ್ಕೂ ರೈಟರ್, ಅರ್ಜಿ ಕೊಡಬೇಕಾಗುತ್ತದಮ್ಮ ಎಂದ.

ಅವಳು ಬೆಂಚಿನ ಮೇಲೆ ಕೂತು ಒಂದು ಹಾಳೆ ಕೇಳಿದಳು.