ಬಾಗಿಲು ಮುಚ್ಚಿದ ಮೇಲೆ

"ನಾನೇ ಬೆಲ್ ಒತ್ತಲಿಲ್ಲ ಕಣಮ್ಮ, ಮರೆತುಬಿಟ್ಟೆ," ಎಂದು ಚಿಕ್ಕಮ್ಮ ಹೇಳುತ್ತಿದ್ದುದು ಕೇಳಿ ಅವನು ಹೊಸ್ತಿಲಲ್ಲೇ ನಿಂತ. ಒದ್ದೆಯಾದ ಹಾಸಿಗೆ ಬಟ್ಟೆಯನ್ನು ಸುತ್ತಿ ಬಕೆಟ್ಟಿಗೆ ಹಾಕುತ್ತಿದ್ದ ವೃದ್ಧಾಶ್ರಮದ ಮೇಲ್ವಿಚಾರಕಿ ಅವನತ್ತ ತಿರುಗಿದಳು.

"ನೋಡಿ, ಪಕ್ಕದಲ್ಲೇ ಬೆಲ್ ಇದ್ರೂ ಹೀಗಾಯ್ತು. ಮರೆವು ಶುರುವಾದೋರನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ. ನಾಳೆ ಮೇಲಿನ ಬೀಗದ ವಾರ್ಡಿಗೆ ಕಳಿಸ್ತೀವಿ."

ಚಿಕ್ಕಮ್ಮನಿಗೆ ಮರೆವಂತೆ. ಅವನ ಬಾಲ್ಯದ ಒಂದೊಂದು ಕಿತಾಪತಿಯನ್ನೂ ಇವತ್ತಿಗೂ ಎಳೆ ಎಳೆಯಾಗಿ ಬಿಡಿಸಿ ಅವನ ಮಾನ ಕಳೆಯುವ ಹೆಂಗಸು ಅದು.

ಬೆಲ್ಲುಗಳಿಗೆ ವೈಫೈ ಜೋಡಿಸಿಕೊಟ್ಟವನು ಅವನೇ. ಮಾತಿನ ಮಲ್ಲ. ಆಡಳಿತ ಮಂಡಳಿಯವರ ಮುಂದೆ ಎರಡು ಬಗೆಯ ವೈಫೈ ಅಲೆಗಳನ್ನು ತಕ್ಕಡಿಗೆ ಹಾಕಿ ತೂಗಿದ್ದ. ಹಳೆಯ ಟೂ ಪಾಯಿಂಟ್ ಫೋರ್ ಗಿಗಾಹರ್ಟ್ಸ್ ನಿಧಾನ, ಅಕ್ಕಪಕ್ಕದ ಮನೆಗಳವರೆಲ್ಲ ಅದರಲ್ಲೇ ಕಿಕ್ಕಿರಿದಿರುತ್ತಾರೆ, ಅಡುಗೆಮನೆಯ ಮೈಕ್ರೋವೇವ್ ಹಚ್ಚಿದರೆ ಅದಕ್ಕೆ ತಲೆ ಕೆಡುತ್ತದೆ. ಹೊಸ ಫೈವ್ ಗಿಗಾಹರ್ಟ್ಸ್ ಆದರೆ ಎಲ್ಲವೂ ಚಿಟಿಕೆ ಹೊಡೆಯುವಷ್ಟರಲ್ಲಿ. ಗೋಡೆ ದಾಟುವ ಕಸುವು ಹಳೆಯದಕ್ಕೇ ಹೆಚ್ಚು ಎಂಬುದನ್ನು ಮಾತ್ರ ನುಂಗಿಕೊಂಡು, ಅದನ್ನು ಪೂರ್ತಿ ಬಂದ್ ಮಾಡಿ ಬೆಲ್ಲುಗಳನ್ನು ಹೊಸದಕ್ಕೇ ಜೋಡಿಸಿಬಿಟ್ಟಿದ್ದ. ಪರೀಕ್ಷೆಯ ದಿನ ಓಡಾಟಕ್ಕೆ ಸಲೀಸಾಗಲೆಂದು ಸಾಮಾನಿನ ಚೀಲ ಆನಿಸಿ ಪ್ರತಿ ಬಾಗಿಲನ್ನೂ ತೆರೆದಿಟ್ಟಿದ್ದ. ಬೆಂಕಿ ತಡೆಯಲೆಂದು ಕಬ್ಬಿಣದ ತಗಡು ಹೊದಿಸಿದ ಬಾಗಿಲುಗಳು. ಅವನ್ನು ಮುಚ್ಚಿದರೆ ಏನಾಗುತ್ತದೆಂದು ನೋಡುವ ಗೋಜಿಗೆ ಹೋಗಿರಲಿಲ್ಲ.

ಈಗ ಒಳಗೆ ಬಂದು ಬಾಗಿಲು ಮುಚ್ಚಿದ. ಮೊಬೈಲಿನಲ್ಲಿ ವೈಫೈ ಗುರುತು ಮಂಕಾಗಿ, ಮಾಯವಾಯಿತು.

"ಮೇಡಂ, ಇವರು ಒತ್ತಿರ್ತಾರೆ. ತಪ್ಪು ನಂದು, ಬಾಗಿಲು ಹಾಕಿದ್ರೆ ಬೆಲ್ ಕೆಲಸ ಮಾಡಲ್ಲ."

ಅವಳು ನಕ್ಕಳು. "ಚಿಕ್ಕಮ್ಮ ಅಂದ್ರೆ ನಿಮಗೆ ಪ್ರಾಣ, ಗೊತ್ತು ಬಿಡಿ. ಇದು ಕೈಕೊಡೋ ಮಾತೇ ಇಲ್ಲ ಅಂತ ಅವತ್ತು ನೀವೇ ಹೇಳಿದ್ರಲ್ಲ?"

ಅಷ್ಟು ಚೆನ್ನಾಗಿ ನಂಬಿಸಿದ್ದ ಬಾಯಿಯ ಬಗ್ಗೆ ಅವನಿಗೇ ಹೇಸಿಗೆಯೆನಿಸಿತು.

"ನೀವು ಹೊರಗೆ ನಿಮ್ಮ ಮೇಜಿನ ಹತ್ರ ಕೂತಿರಿ. ಇಲ್ಲಿಂದ ಒತ್ತಿಸ್ತೀನಿ. ಬೆಲ್ ಬಡಿದ್ರೆ ಬನ್ನಿ, ಇಲ್ದಿದ್ರೆ ಬರಬೇಡಿ," ಎಂದ. ಅವಳು ಬಕೆಟ್ ಎತ್ತಿಕೊಂಡು ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

"ಒತ್ತು ಚಿಕ್ಕಮ್ಮ."

ಚಿಕ್ಕಮ್ಮ ಬೆಲ್ಲಿನ ಗುಂಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಒತ್ತಲ್ಲ. ಬಡೀಲಿಲ್ಲ ಅಂದ್ರೆ ನಿನ್ನ ಹೊಟ್ಟೆಪಾಡು ಹಾಳಾಗುತ್ತೆ ಕಣೋ."

"ನಿನ್ನನ್ನ ಬೀಗ ಹಾಕಿ ಕೂರಿಸ್ತಾರೆ."

"ಕೂರಿಸ್ಲಿ ಬಿಡು. ಈ ವಯಸ್ಸಲ್ಲಿ ನಾನೆಲ್ಲಿ ತಿರುಗಾಡಬೇಕು?"

ಅವನು ಮಂಚದ ಅಂಚಿನಲ್ಲಿ ಕುಳಿತ. ಹೊಸ ಹಾಸುಬಟ್ಟೆ ಹಾಕಿದ್ದರೂ ಕೆಳಗಿನ ಹಾಸಿಗೆ ಇನ್ನೂ ತಣ್ಣಗಿತ್ತು.

"ತುಂಬ ಹೊತ್ತು ಒತ್ತಿದ್ಯಾ?"

ಅವಳು ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದಳು: "ಮೊದಲು ಯಾರಾದ್ರೂ ಬರಲಿ ಅಂತ ಒತ್ತಿದೆ. ಆಮೇಲೆ ಯಾರೂ ಬರದಿದ್ರೆ ಸಾಕಪ್ಪಾ ಅಂತ ಕೂತಿದ್ದೆ."

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗುಂಡಿಯನ್ನು ತಾನೇ ಒತ್ತಿದ. ಮತ್ತೆ ಒತ್ತಿದ. ಹೊರಗೆ ಏನೂ ಕೇಳಿಸಲಿಲ್ಲ, ಯಾರೂ ಬರಲಿಲ್ಲ. ಚಿಕ್ಕಮ್ಮ ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡು ಅವನಿಗೂ ಸ್ವಲ್ಪ ಜಾಗ ಬಿಟ್ಟಳು. ಇಬ್ಬರೂ ಬಾಗಿಲನ್ನೇ ನೋಡುತ್ತ ಕುಳಿತರು.