ಬಳಪದ ಸದ್ದು

ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ನಾನು ಗಂಡನ ಎಡಗೈಗೆ ಕಿವಿಯಿಡುತ್ತೇನೆ. ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಹೊಲಿಗೆಯ ಗುರುತಿರುವಲ್ಲಿ. ಅಲ್ಲಿ ಚರ್ಮದ ಕೆಳಗೆ ಸದಾ ಒಂದು ಸದ್ದು. ಅದಕ್ಕೆ ತಕ್ಕ ಪದ ಹುಡುಕಲು ನನಗೆ ಬಹಳ ದಿನ ಹಿಡಿಯಿತು. ಝೇಂಕಾರ ಎಂದರೆ ಅಲಂಕಾರ ಹೆಚ್ಚಾಯಿತು, ಗುಂಯ್ ಎಂದರೆ ಸಾಲದು. ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟುವ ಹಾಗೆ ಎಂದರೆ ಹೆಚ್ಚುಕಡಿಮೆ ಸರಿ.

ಇವರು ಸ್ಕೂಟರ್ ರಿಪೇರಿಯವರು. ಇವರ ಮಾತಿನಲ್ಲಿ ಅದು ಎಂಜಿನ್.

"ಏನೇ, ಓಡ್ತಿದೆಯಾ ಎಂಜಿನ್ನು?"

"ಓಡ್ತಿದೆ ರೀ."

"ಹಾಗಾದ್ರೆ ಟೀ ಇಡು. ನಿಂತುಹೋಗಿದ್ರೆ ನಿನಗೊಂದು ಲೋಟ ಟೀ ಮಿಗ್ತಿತ್ತು."

ಇಂಥ ಮಾತಿಗೆ ನಾನು ನಗುವುದಿಲ್ಲ. ಇವರ ಮೂತ್ರಪಿಂಡಗಳು ಕೈಕೊಟ್ಟು ವರ್ಷಗಳಾಗಿವೆ. ವಾರದಲ್ಲಿ ಮೂರು ಮಧ್ಯಾಹ್ನ ಡಯಾಲಿಸಿಸ್ ಯಂತ್ರ ಇವರ ರಕ್ತವನ್ನು ಹೊರಗೆಳೆದು, ತೊಳೆದು, ಮತ್ತೆ ಮೈಗೆ ಬಿಡುತ್ತದೆ. ಯಂತ್ರ ಎಳೆದಷ್ಟು ರಭಸವಾಗಿ ರಕ್ತ ಕೊಡುವ ತಾಕತ್ತು ಮಾಮೂಲಿ ನರಕ್ಕಿಲ್ಲ. ಅದಕ್ಕೇ ಡಾಕ್ಟರು ಕೈಯೊಳಗೆ ಹೃದಯದಿಂದ ರಕ್ತ ತರುವ ನಾಳವನ್ನು ಪಕ್ಕದ ನರಕ್ಕೆ ಜೋಡಿಸಿ ಹೊಲಿದರು. ರಕ್ತ ನೇರ ನುಗ್ಗಿ ನುಗ್ಗಿ ಆ ನರ ಹಗ್ಗದಂತೆ ಉಬ್ಬಿತು. ಅದೇ ಫಿಸ್ಟುಲಾ. ಆ ನುಗ್ಗಾಟವೇ ನಾನು ಕೇಳುವ ಸದ್ದು. ಸದ್ದು ನಿಂತಿತೆಂದರೆ ಒಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತೆಂದೇ ಅರ್ಥ.

ಫಿಸ್ಟುಲಾ ಬಲಿಯುವ ತನಕ ಇವರ ಕುತ್ತಿಗೆಯಲ್ಲಿ ಕ್ಯಾಥೆಟರ್ ಎಂಬ ಪೈಪು ಇತ್ತು. ಅದರ ಬಾಯಿಗೆ ಎಷ್ಟು ಬಿಗಿಯಾಗಿ ಮುಚ್ಚಳ ಹಾಕಿದರೂ, ಎಷ್ಟು ಜೋಪಾನವಾಗಿ ಪಟ್ಟಿ ಬದಲಿಸಿದರೂ ನಂಜು ಒಳಗೆ ಹೋಯಿತು. ಮಂಚ ಅಲುಗಾಡುವಂಥ ಚಳಿಜ್ವರ. ಪೈಪು ತೆಗೆದು ಇನ್ನೊಂದು ಬದಿಗೆ ಹಾಕಿದರು, ಅಲ್ಲೂ ಅದೇ ಕಥೆ. ಕೊನೆಗೆ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು: "ಬಲಗೈ ನರಗಳು ಸೂಜಿ ಚುಚ್ಚಿಸಿಕೊಂಡೇ ಹಾಳಾಗಿವೆ. ಕುತ್ತಿಗೆಯಲ್ಲೂ ಇನ್ನು ಒಳ್ಳೆ ಜಾಗ ಇಲ್ಲಮ್ಮ. ಈ ಎಡಗೈಯನ್ನ ಮಗು ಥರ ನೋಡ್ಕೊಳ್ಳಿ."

ನಮಗೆ ಮಕ್ಕಳಿಲ್ಲ. ನಾನು ಆ ಮಾತನ್ನು ಅಕ್ಷರಶಃ ತೆಗೆದುಕೊಂಡೆ. ಆ ಕೈಗೆ ವಾಚು ಇಲ್ಲ, ಚೀಲದ ಭಾರ ಇಲ್ಲ, ಬಿಪಿ ಪಟ್ಟಿ ಇಲ್ಲ. ಆ ಮಗ್ಗುಲಿಗೆ ಹೊರಳಿದರೆ ಇವರನ್ನು ಎಬ್ಬಿಸಿಬಿಡುತ್ತೇನೆ.

ಡಯಾಲಿಸಿಸ್ ಕೋಣೆಯಲ್ಲಿ ಇವರ ಪಕ್ಕದ ಕುರ್ಚಿ, ಕಿಟಕಿಗೆ ಆತುಕೊಂಡಿದ್ದು, ಮೇಷ್ಟ್ರದ್ದಾಗಿತ್ತು. ಪ್ರೈಮರಿ ಶಾಲೆಯಿಂದ ನಿವೃತ್ತರಾದವರು. ಯಂತ್ರ ಕೂಗಿಕೊಂಡರೆ ಸಾಕು, "ಯಾರದು ಗಲಾಟೆ? ಬೆಂಚ್ ಮೇಲೆ ನಿಲ್ಲಿಸ್ತೀನಿ ನೋಡು!" ಎನ್ನುತ್ತಿದ್ದರು. ಇವರನ್ನಂತೂ ಬಿಡುತ್ತಲೇ ಇರಲಿಲ್ಲ.

"ಏನಯ್ಯಾ ಮೆಕ್ಯಾನಿಕ್, ಮೈಲೇಜ್ ಹೇಗಿದೆ?"

"ಪೆಟ್ರೋಲ್ ಹಾಕಿಸಿದ್ರೆ ತಾನೇ ಸಾರ್? ಇವಳು ದಿನಕ್ಕೆ ಎರಡು ಲೋಟ ನೀರು ಅಳೆದು ಕೊಡ್ತಾಳೆ."

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅಲ್ಲಿನ ಮೌನದಲ್ಲಿ ಕೂತು ಕೂತು ಪುಟ ಹರಿದರೆ ಯಾವ ಮೇಜಿನಲ್ಲಿ ಎಂದು ಹೇಳಬಲ್ಲೆ. ಅದು ಮೇಷ್ಟ್ರಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಫಿಸ್ಟುಲಾ ಇದ್ದ ತಮ್ಮ ಕೈ ಚಾಚಿ ಕರೆದರು. "ಬಾಮ್ಮ ಲೈಬ್ರರಿ, ನಿನ್ನ ಕಿವಿ ಚುರುಕು. ಇದೇನು ಕೇಳಿ ಹೇಳು."

ಕಿವಿಯಿಟ್ಟೆ. ಗುರುಗುರು ಇತ್ತು. ಅದರ ಮೇಲೆ ಸಣ್ಣಗೆ, ಚೂಪಾಗಿ, ಸ್ಲೇಟಿನ ಮೇಲೆ ಬಳಪ ಎಳೆದ ಸದ್ದು. ಉದ್ದಕ್ಕೊಂದು ಕೀಚು. ಆಮೇಲೆ ಗಿಡ್ಡ ಗಿಡ್ಡಗೆ ಎರಡು. ಮತ್ತೆ ಮೊದಲಿನಿಂದ. ನನ್ನ ಹಲ್ಲು ಚುಳ್ಳೆಂದವು.

"ಬಳಪ," ಎಂದೆ.

"ಭೇಷ್! ತಪ್ಪು ಲೆಕ್ಕ ನಾನು ಹೊಡೆದು ಹಾಕ್ತಿದ್ದದ್ದು ಹೀಗೇ. ಉದ್ದಕ್ಕೊಂದು ಗೆರೆ, ಅದರ ಮೇಲೆ ಗಿಡ್ಡವು ಎರಡು. ಮೊದಮೊದಲು ಬರೀ ಉದ್ದದ್ದು ಕೇಳಿಸ್ತಿತ್ತು. ಆಮೇಲೆ ಗಿಡ್ಡದ್ದೊಂದು ಸೇರ್ಕೊಂಡ್ತು. ಇವತ್ತು ನೋಡು, ಪೂರ್ತಿಯಾಯ್ತು." ನಕ್ಕರು. "ಎಷ್ಟು ಮಕ್ಕಳ ಲೆಕ್ಕ ಹೊಡೆದು ಹಾಕಿದ್ದೆನೋ, ಈಗ ಯಾರೋ ನನ್ನದನ್ನ ತಿದ್ದುತ್ತಿದ್ದಾರೆ."

ನಾವೂ ನಕ್ಕೆವು.

ಮುಂದಿನ ಸಲ ಬಂದಾಗ ಮೇಷ್ಟ್ರ ಕೈ ತಣ್ಣಗಿತ್ತು, ಮೂಕವಾಗಿತ್ತು. ಕುತ್ತಿಗೆಗೆ ಪೈಪು ಬಂತು. ಪೈಪಿನ ಹಿಂದೆಯೇ ಜ್ವರ ಬಂತು. ಆಮೇಲೆ ಕಿಟಕಿ ಪಕ್ಕದ ಕುರ್ಚಿಯನ್ನು ಔಷಧಿ ನೀರಲ್ಲಿ ಒರೆಸಿ ಖಾಲಿ ಬಿಟ್ಟಿದ್ದರು.

ಮೇಷ್ಟ್ರನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಎಂದಿನಂತೆ ಇವರ ಕೈಗೆ ಕಿವಿಯಿಟ್ಟೆ. ಬೆಕ್ಕು ಗುರುಗುಟ್ಟುತ್ತಿತ್ತು. ಅದರ ಹಿಂದೆ ಉದ್ದಕ್ಕೊಂದು ಕೀಚು.

ತಲೆಯೆತ್ತಿದೆ. ಎದ್ದು ಹೋಗಿ ಫ್ರಿಜ್ ಆರಿಸಿದೆ, ಕಿಟಕಿ ಮುಚ್ಚಿದೆ, ಮತ್ತೆ ಬಂದು ಕಿವಿಯಿಟ್ಟೆ. ಇತ್ತು.

"ರೀ, ಇದು ಬೇರೆ ಥರ ಕೇಳಿಸ್ತಿದೆ."

"ಬೆಲ್ಟ್ ಹಳೇದಾದ್ರೆ ಕೀಚ್ ಅನ್ನಲ್ವೇನೇ? ಓಡ್ತಿದೆ ತಾನೇ, ಬಿಡು." ಕೈ ಎಳೆದುಕೊಂಡರು. ತಮಾಷೆ ಮಾಡುವಾಗ ಇವರು ನನ್ನ ಮುಖ ನೋಡುತ್ತಾರೆ. ಆ ಹೊತ್ತು ನೋಡಲಿಲ್ಲ.

ಬಟ್ಟೆ ನೆನೆಸುವಾಗ ಬಕೆಟ್ಟಿನ ತಳದಲ್ಲಿ, ಟವೆಲ್ಲಿನೊಳಗೆ ಸುತ್ತಿಟ್ಟ ಇವರ ಅಂಗಿ ಸಿಕ್ಕಿತು. ಎಡತೋಳಿನ ತುಂಬ ಒಣಗಿದ ರಕ್ತ. ಸೂಜಿ ತೆಗೆದ ಮೇಲೆ ಹತ್ತಿಯೊತ್ತಿ ಹಿಡಿದರೆ ಬೇಗನೆ ನಿಲ್ಲುತ್ತಿದ್ದ ರಕ್ತ ಈಗ ನಿಲ್ಲುತ್ತಿರಲಿಲ್ಲ. ಹಿಂದಿನ ಸಲ ನಾನು ಜೊತೆಗೆ ಹೋಗಿರಲಿಲ್ಲ, ನನಗೆ ಕಾಣದಂತೆ ಇವರು ಜರ್ಕಿನ್ ಹಾಕಿಕೊಂಡು ಮನೆಗೆ ಬಂದಿದ್ದರು. ಆ ಅಂಗಿಯನ್ನು ಹಿಡಿದುಕೊಂಡೇ ಹೋಗಿ ಎದುರು ನಿಂತೆ.

ಇವರು ಕೇಳಿದರು, "ನಿನಗೂ ಕೇಳಿಸ್ತಾ?"

"ಏನು?"

"ಮೇಷ್ಟ್ರು ಕಣೇ. ಬಂದಿದ್ದಾರೆ."

"ಸುಮ್ನಿರಿ."

"ನಾನು ಎಂಜಿನ್ ಸದ್ದು ಕೇಳಿಯೇ ಹೊಟ್ಟೆ ಹೊರೆದವನು. ಒಂದು ಗಾಡಿ ಸದ್ದು ಇನ್ನೊಂದು ಗಾಡಿಗೆ ಬರಲ್ಲ. ಅವತ್ತು ನೀನು ಕೇಳಿದ ಬಳಪವೇ ಇದು, ಅವರದ್ದೇ." ಇನ್ನೊಂದು ಕೈಯಿಂದ ಆ ಉಬ್ಬಿದ ನರವನ್ನು ಸವರಿದರು. "ಇರಲಿ ಬಿಡು. ಪಾಪ, ಅಲ್ಲಿ ಒಬ್ಬರೇ ಯಾರ ಜೊತೆ ಮಾತಾಡ್ತಾರೆ?"

"ಅವರು ಮಾತಾಡ್ತಿಲ್ಲ ರೀ," ಎಂದೆ. "ಹೊಡೆದು ಹಾಕ್ತಿದ್ದಾರೆ."

ಮರುದಿನ ಬೆಳಿಗ್ಗೆ ಉದ್ದ ಗೆರೆಯ ಬೆನ್ನಿಗೇ ಗಿಡ್ಡದ್ದೊಂದು ಕೇಳಿಸಿತು. ಎರಡನೆಯ ಗಿಡ್ಡ ಗೆರೆಗಾಗಿ ಉಸಿರು ಬಿಗಿಹಿಡಿದು ಕಾದೆ. ಬರಲಿಲ್ಲ. ಅಂದು ಡಯಾಲಿಸಿಸ್ ಇದ್ದ ದಿನ. ನಾವು ಬೇಗನೆ ಹೊರಟೆವು, ಹೊರಟೆವು ಎನ್ನುವುದಕ್ಕಿಂತ ನಾನು ಎಳೆದುಕೊಂಡು ಹೋದೆ.

ಟೆಕ್ನಿಷಿಯನ್ ಇವರ ಕೈಮೇಲೆ ಬೆರಳಿಟ್ಟು ನೋಡಿದಳು. "ಚೆನ್ನಾಗೇ ಹೊಡ್ಕೋತಿದೆಯಲ್ಲ ಅಕ್ಕ. ನೀವು ಹೀಗೇ ಹೆದರ್ತಿದ್ರೆ ನಾಳೆ ನಿಮ್ಮನ್ನೇ ಇನ್ನೊಂದು ಕುರ್ಚಿಯಲ್ಲಿ ಮಲಗಿಸಬೇಕಾಗುತ್ತೆ."

ಇವರು ಖುಷಿಯಿಂದ, "ಹೇಳಿ, ಹೇಳಿ," ಎಂದರು.

ಬಳಪದ ವಿಷಯ ಎತ್ತಿದರೆ ಕೆಲಸ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಚೀಲದಿಂದ ಅಂಗಿ ತೆಗೆದು ತೋಳು ಬಿಡಿಸಿ ತೋರಿಸಿದೆ. "ರಕ್ತ ನಿಲ್ಲೋಕೆ ತಡವಾಗ್ತಿದೆ. ಸದ್ದೂ ಚೂಪಾಗಿದೆ. ಸ್ಟೆತೋಸ್ಕೋಪ್ ಇಟ್ಟು ಕೇಳಮ್ಮ, ಬೆರಳಿಗೆ ಗೊತ್ತಾಗಲ್ಲ."

ಕೇಳಿದಳು. ನಗು ನಿಂತಿತು. ಸ್ಟೆತೋಸ್ಕೋಪನ್ನು ಮೇಲಕ್ಕೆ, ತೋಳಿನವರೆಗೂ ಸರಿಸುತ್ತಾ ಹೋಗಿ ಒಂದು ಕಡೆ ತಡೆದಳು. ಡಾಕ್ಟರನ್ನು ಕರೆಯಲು ಓಡಿದಳು.

ಸ್ಕ್ಯಾನಿನಲ್ಲಿ ಕಂಡಿತು: ಮೊಣಕೈ ಹತ್ತಿರ ನರ ದಾರದಷ್ಟು ಸಣ್ಣಗಾಗಿತ್ತು. ಅಷ್ಟು ಕಿರಿದಾದ ಸಂದಿಯಲ್ಲಿ ರಕ್ತ ನುಗ್ಗುವಾಗ ಶಿಳ್ಳೆಯಂಥ ಸದ್ದು ಬರುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಮುಚ್ಚಿಯೇ ಹೋಗುತ್ತಿತ್ತು ಎಂದರು ಡಾಕ್ಟರು. ಅಂದೇ ಒಳಗೆ ತಂತಿ ತೂರಿಸಿ, ಸಣ್ಣ ಬಲೂನು ಉಬ್ಬಿಸಿ ದಾರಿ ಅಗಲ ಮಾಡಿದರು. ಹೊರಗೆ ಬೆಂಚಿನ ಮೇಲೆ ಕೂತು ಡಾಕ್ಟರ ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ಕಿರಿದಾದ ಸಂದಿ. ಶಿಳ್ಳೆ. ಅಷ್ಟೇ. ಎಲ್ಲಕ್ಕೂ ಕಾರಣ ಸಿಕ್ಕಿತ್ತು. ಗಿಡ್ಡ ಗೆರೆಗೆ ಮಾತ್ರ ಸಿಕ್ಕಿರಲಿಲ್ಲ.

ಹೊರಗೆ ಕರೆತಂದ ಮೇಲೆ ಕಿವಿಯಿಟ್ಟೆ. ಬರೀ ಬೆಕ್ಕು. ನನಗೆ ಅಳು ಬಂತು.

ಮನೆಯ ಬೀಗ ತೆಗೆಯುವಾಗ ಇವರು ಮೆಲ್ಲಗೆ ಅಂದರು, "ಮೇಷ್ಟ್ರನ್ನ ಕಳಿಸಿಬಿಟ್ಟೆ ನೀನು. ಎಲ್ಲಿಗೆ ಹೋದ್ರೋ ಏನೋ."

ಮುಂದಿನ ಡಯಾಲಿಸಿಸ್ ದಿನ ಕಿಟಕಿ ಪಕ್ಕದ ಕುರ್ಚಿಗೆ ಹೊಸಬರು ಬಂದಿದ್ದರು. ದಪ್ಪ ಕನ್ನಡಕದ ವಯಸ್ಸಾದ ಹೆಂಗಸು, ಜೊತೆಗೆ ಸೊಸೆ. ಬೇರೆ ಆಸ್ಪತ್ರೆಯಲ್ಲಿ ಮಾಡಿಸಿದ ಫಿಸ್ಟುಲಾ, ಇಲ್ಲಿ ಇದೇ ಮೊದಲು. ಕುರ್ಚಿಯ ತೋಳಿನ ಮೇಲೆ ಕೈಯಿಟ್ಟುಕೊಂಡು ಸರದಿಗಾಗಿ ಕಾಯುತ್ತಿದ್ದರು.

"ಅತ್ತೆ, ಕೈ ಅಲ್ಲಾಡಿಸ್ಬೇಡಿ."

"ನಾನೆಲ್ಲಿ ಅಲ್ಲಾಡಿಸ್ತಿದ್ದೀನಿ? ಅದೇ ನಡುಗ್ತಿದೆ. ಬೈಯೋದಾದ್ರೆ ಅದಕ್ಕೇ ಬೈಯಿ."

ಇವರಿಗೆ ಆಗಲೇ ಸೂಜಿ ಹಾಕಿ ಯಂತ್ರ ಶುರುಮಾಡಿದ್ದರು. ನಾನು ಎರಡು ಕುರ್ಚಿಗಳ ನಡುವಿನ ಸ್ಟೂಲಿನ ಮೇಲೆ ಕೂತು ಸ್ವೆಟರಿನ ಗುಂಡಿ ಹೊಲಿಯುತ್ತಿದ್ದೆ. ಯಂತ್ರಗಳ ಗೊರಗೊರ, ಆಚೆ ಯಾರದೋ ಕೆಮ್ಮು. ಅದೆಲ್ಲದರ ನಡುವೆ ಕಿಟಕಿಯ ಕಡೆಯಿಂದ ಉದ್ದಕ್ಕೊಂದು ಕೀಚು.

ಚರ್ಮಕ್ಕೆ ಕಿವಿ ತಾಗಿಸದೆ ಆ ಸದ್ದು ಕೇಳಿಸುವುದಿಲ್ಲ. ನನಗಿಂತ ಚೆನ್ನಾಗಿ ಇದು ಯಾರಿಗೂ ಗೊತ್ತಿಲ್ಲ.

ತಿರುಗಿದೆ. ಇವರು ಕಣ್ಣುಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ನಗು ಹೌದೋ ಅಲ್ಲವೋ ಎಂಬಂತೆ.

"ಹೋಗು," ಎಂದರು. "ಲೈಬ್ರರೀ ಅಂತ ಕರೀತಿದ್ದಾರೆ."

ಸೂಜಿ ದಾರ ಸ್ಟೂಲಿನ ಮೇಲಿಟ್ಟು ಎದ್ದೆ. ಹೊಸಬರ ಮುಂದೆ ಮಂಡಿಯೂರಿದೆ. "ಅಮ್ಮ, ನಿಮ್ಮ ಕೈ ಒಂದ್ಸಲ ಕೇಳಲಾ?"

ಸೊಸೆ ಅಡ್ಡ ಬಂದಳು. "ಯಾಕೆ? ನೀವು ನರ್ಸಾ?"

"ಅಲ್ಲ. ಇವರ ಹೆಂಡತಿ."

"ಕೇಳಲಿ ಬಿಡೇ, ಕಚ್ಚಿಕೊಂಡು ಹೋಗ್ತಾಳಾ?" ಎಂದು ಹೊಸಬರು ಕೈ ಮುಂದೆ ಚಾಚಿದರು.

ಕೈ ಬೆಚ್ಚಗಿತ್ತು. ಕಣ್ಣುಮುಚ್ಚಿ ಕಿವಿಯಿಟ್ಟೆ. ಉದ್ದಕ್ಕೊಂದು ಗೆರೆ. ಅದರ ಹಿಂದೆಯೇ ಗಿಡ್ಡದ್ದೊಂದು. ಎಚ್ಚರಿಸುವುದಕ್ಕೆ ಬರೆಯುತ್ತಿದ್ದರೋ, ಹೊಡೆದು ಹಾಕುವುದಕ್ಕೋ, ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿಯದು. ಮೇಷ್ಟ್ರು ಕೈ ತಡೆದು ಹಿಡಿದಿದ್ದಾರೆ, ನಾನು ತಲೆಯೆತ್ತಲಿ ಎಂದು ಕಾಯುತ್ತಿದ್ದಾರೆ ಎನ್ನಿಸಿತು, ಅಷ್ಟೇ.

"ಏನಂತೆ ಅದು?" ಹೊಸಬರು ಕೇಳಿದರು.

"ರಕ್ತದ ದಾರಿ ಸಣ್ಣಗಾಗಿರಬಹುದಮ್ಮ, ತೋರಿಸೋಣ," ಎಂದೆ. ಟೆಕ್ನಿಷಿಯನ್ ಕೋಣೆಯ ಆ ತುದಿಯಲ್ಲಿದ್ದಳು. ನಾನು ಗ್ರಂಥಾಲಯದವಳು, ದನಿಯೇರಿಸಿ ಗೊತ್ತಿಲ್ಲ. ಎಲ್ಲ ಕುರ್ಚಿಗಳಲ್ಲಿದ್ದವರೂ ತಿರುಗಿ ನೋಡುವಂತೆ ಅವಳನ್ನು ಕೂಗಿದೆ.

ಎರಡನೆಯ ಗಿಡ್ಡ ಗೆರೆ ಇನ್ನೂ ಬಿದ್ದಿರಲಿಲ್ಲ.