ಎರಡು ಗುಂಡು

ಕೊಡಗು ಮೈಸೂರಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಗಾಳಿಬೀಡಿನಾಚೆ, ಬೋಜಪ್ಪನ ಗದ್ದೆಯ ಬದುವಿನಲ್ಲೇ ಬೇಟೆ ನಿಷೇಧಿಸಿದ ಮೀಸಲು ಕಾಡಿನ ಬೋರ್ಡು ನಿಂತಿತ್ತು. ಓದು ಬಾರದ ಕಾಡುಹಂದಿಗಳು ಎರಡು ವರ್ಷ ಸತತವಾಗಿ ಅವನ ಭತ್ತವನ್ನು ತಿಂದು ತುಳಿದು ಹೋದವು. ತಡೆಯಲಾರದೆ ಅವನು ಒಂದಕ್ಕೆ ಗುಂಡು ಹೊಡೆದ. ಆ ಹಾಳು ಹಂದಿ ಗದ್ದೆಯಲ್ಲೇ ಸಾಯಬಾರದಿತ್ತೇ? ಬದು ದಾಟಿ, ಬೋರ್ಡಿನ ಆಚೆಗೆ ಹೋಗಿ ಬಿತ್ತು. ಅಜ್ಜನ ಕಾಲದ ಕೋವಿಯನ್ನು ಅರಣ್ಯ ಇಲಾಖೆಯವರು ಜಪ್ತಿ ಮಾಡಿ ಮಡಿಕೇರಿಗೆ ಒಯ್ದರು. ಆ ವರ್ಷ ಮನೆಯವರು ಕೊಂಡ ಅಕ್ಕಿ ಉಂಡರು. ಇಷ್ಟನ್ನೂ ಬೋಜಪ್ಪ ಹಲ್ಲು ಕಚ್ಚಿ ಸಹಿಸಿದ.

ಸಹಿಸಲಾಗದ್ದು ಬಂದದ್ದು ಅಪ್ಪ ಸಾಂತಪ್ಪ ತೀರಿಕೊಂಡ ಬೆಳಿಗ್ಗೆ. ತನ್ನ ತಂಗಿ ಬೊಳ್ಳಮ್ಮ ಬಂದು ಬಾಯಿಗೆ ನೀರು ಬಿಡದೆ ಹೆಣ ಎತ್ತಬಾರದೆಂದು ಮುದುಕ ಎಂದೋ ಮಗನಿಂದ ಮಾತು ತೆಗೆದುಕೊಂಡಿದ್ದ. ಬೊಳ್ಳಮ್ಮನ ಮನೆ ಕಾಡಿನಾಚೆ, ಎದುರು ಗುಡ್ಡದಲ್ಲಿ. ಕಾಡಿನೊಳಗಿನ ದಾರಿಯಲ್ಲಿ ಹೊಳೆ ದಾಟಲು ಇದ್ದ ಮರದ ಪಾಲವನ್ನು ಇಲಾಖೆಯವರು ಕಿತ್ತುಹಾಕಿದ್ದರು. ಸುತ್ತಿ ಹೋಗಲು ಅರ್ಧ ದಿನ, ಕರೆತರಲು ಇನ್ನರ್ಧ ದಿನ. ಹೊತ್ತು ಮುಳುಗುವುದರೊಳಗೆ ಹೆಣ ಎತ್ತಬೇಕು. ಸಾವಿನ ಮನೆಯ ಅಂಗಳದಿಂದ ಆಕಾಶಕ್ಕೆ ಎರಡು ಗುಂಡು ಹಾರಿದರೆ ಸಾಕು, ಎದುರು ಗುಡ್ಡದವರು ಕೇಳಿದೊಡನೆ ಹೊರಡುತ್ತಾರೆ. ಅದು ಅಲ್ಲಿನ ರೂಢಿ. ಆದರೆ ಕೋವಿ ಎಲ್ಲಿದೆ?

ಬೋಜಪ್ಪ ಮಾನ ಬಿಟ್ಟು ಗಾರ್ಡ್ ಸಿದ್ದಣ್ಣನ ಗುಡಿಸಲಿಗೆ ಹೋದ. ಸಿದ್ದಣ್ಣ ಸೋಮವಾರಪೇಟೆ ಕಡೆಯವನು. ಹಂದಿಯ ಕೇಸು ಬರೆದವನೂ ಅವನೇ.

"ಅಪ್ಪ ಹೋದೊ. ಎರಡು ಗುಂಡು ಹೊಡಿಯಕು," ಎಂದ ಬೋಜಪ್ಪ.

"ಇಲಾಖೆ ಕೋವಿ, ಗೌಡ್ರೆ. ಗೊತ್ತಾದ್ರೆ ನನ್ನ ಕೆಲ್ಸ ಹೋಯ್ತದೆ," ಎನ್ನುತ್ತಲೇ ಸಿದ್ದಣ್ಣ ಎದ್ದು ಕೋವಿಯನ್ನು ಹೆಗಲಿಗೇರಿಸಿದ. "ನಡೀರಿ. ಆನೆ ಓಡ್ಸಕ್ಕೆ ಹೊಡ್ದೆ ಅಂತೀನಿ."

ಅಂಗಳದಲ್ಲಿ ನಿಂತು ಅವನೇ ಎರಡು ಗುಂಡು ಹಾರಿಸಿದ. ಎದುರು ಗುಡ್ಡ ಎರಡಕ್ಕೂ ಮಾರ್ದನಿಗೊಟ್ಟಿತು. ಬೋಜಪ್ಪನ ಎದೆಯ ಭಾರ ಇಳಿಯಿತು. ಸಿದ್ದಣ್ಣನ ಮೇಲೆ ವರ್ಷದಿಂದ ಇಟ್ಟುಕೊಂಡಿದ್ದ ಸಿಟ್ಟೂ ಅದರ ಜೊತೆಗೇ ಇಳಿಯಿತು.

ಹೆಂಡತಿ ತಂಗಮ್ಮ ಹೆಣದ ತಲೆಯ ಬಳಿ ಚೊಂಬಿನಲ್ಲಿ ನೀರಿಟ್ಟಳು. ಮಧ್ಯಾಹ್ನ ಕಳೆಯಿತು. ಅಳು ಕೇಳಿ ಬಂದ ಪಕ್ಕದ ಎರಡು ಮನೆಯವರ ಹೊರತು ಯಾರೂ ಬರಲಿಲ್ಲ. ಬೋಜಪ್ಪ ಅಂಗಳದ ತುದಿಗೆ ಹೋಗಿ ಹೋಗಿ ದಾರಿ ನೋಡಿದ. ಸಂಜೆಯ ಬಿಸಿಲು ಬೆಟ್ಟದ ನೆತ್ತಿಗೇರಿದಾಗ ಹಿರಿಯರು ಇನ್ನು ಕಾಯುವುದು ಬೇಡ ಎಂದರು. ನೀರನ್ನು ತಂಗಮ್ಮನೇ ಬಿಟ್ಟಳು. ಅಪ್ಪನಿಗೆ ಕೊಟ್ಟ ಮಾತು ತಪ್ಪಿದೆನಲ್ಲ ಎಂದು ಬೋಜಪ್ಪ ಚಟ್ಟಕ್ಕೆ ಹೆಗಲು ಕೊಡುವಾಗ ಮೊದಲ ಬಾರಿಗೆ ಅತ್ತ.

ಮೂರನೆಯ ದಿನ ಬೊಳ್ಳಮ್ಮ ಬಂದಳು. ಸಂತೆಯಲ್ಲಿ ಯಾರೋ ಹೇಳಿ ತಿಳಿದದ್ದಂತೆ. ಅಂಗಳದಲ್ಲೇ ಕುಸಿದು ಕುಳಿತಳು.

"ಗುಂಡು ಕೇಳಿಲ್ಲೆಯಾ ಅತ್ತೆ?" ಎಂದು ಬೋಜಪ್ಪ ಕೇಳಿದ.

"ಕೇಳ್ತ್ ಮಗಾ. ಎರಡೂ ಕೇಳ್ತ್." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮಲ್ಲಿ ಕೋವಿ ಇಲ್ಲೆ ಅಂತ ಊರಿಗೇ ಗೊತ್ತು. ಗಾರ್ಡ್‌ಗಳು ಯಾರಿಗೋ ಹೊಡ್ದೊ ಅಂತ ನಾವು ಹೆದ್ರಿ, ಸೌದೆಗೆ ಹೋದವರ್ನೆಲ್ಲ ಒಳಗೆ ಕರ್ದ್, ಬಾಗ್ಲ್ ಹಾಕಿ ಕುದ್ದುಕಂಡೊ."